ಬೀಗರ ಪಾಳಿ

ಬೀಗರನ್ನು ಊಟಕ್ಕೆ ಕಾಯಿಸಿದ ಮನೆಗೆ ಮಾನವಿಲ್ಲ. ಈ ಮಾತನ್ನು ತಡಸದ ಶಿವಬಸವ್ವ ಮಂದಿಯ ಮನೆ ಮದುವೆಗಳಲ್ಲಿ ಎಷ್ಟು ಸಲ ಆಡಿದ್ದಳೋ ಲೆಕ್ಕವಿಲ್ಲ. ಕಡೆಗೆ ಅದು ಅವಳ ಮಗಳ ಮದುವೆಯಲ್ಲೇ ನಡೆದುಹೋಯಿತು. ಮಗಳು ಶೀಲಾಳನ್ನು ಹಿರೇಕೆರೂರಿನ ಮಹಾಲಿಂಗಪ್ಪನವರ ಮಗನಿಗೆ ಕೊಟ್ಟಿದ್ದರು. ಮೊದಲ ಪಂಕ್ತಿಗೆ ಊರವರೇ ನುಗ್ಗಿ ಕುಳಿತರು. ಗಂಡಿನ ತಂದೆ ಮಹಾಲಿಂಗಪ್ಪನವರು ರೇಷ್ಮೆ ರುಮಾಲು ಸುತ್ತಿಕೊಂಡು, ಯಾರದೋ ಕುರ್ಚಿಯ ಹಿಂದೆ, ಅವನು ಹೋಳಿಗೆ ಮುಗಿಸುವುದನ್ನೇ ನೋಡುತ್ತ ನಿಲ್ಲಬೇಕಾಯಿತು. ಆ ಮನುಷ್ಯ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು, ಜಗಳವಾಗಿ ಮುಗಿಯುತ್ತಿತ್ತು. ಆಡದೇ ಹೋದದ್ದರಿಂದ ಶಿವಬಸವ್ವನ ಮನೆಯಲ್ಲಿ ಆ ಸಂಗತಿ ಆರು ತಿಂಗಳಾದರೂ ಒಲೆಯ ಮೇಲೇ ಇತ್ತು.

ಶೀಲಾಳ ಅಣ್ಣ ಸುದೀಪ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಯಲವಿಗಿ ಸ್ಟೇಷನ್ನಿನ ಆಚೆ ಖಾಸಗಿಯವರು ಹೊಸದಾಗಿ ಕಟ್ಟಿದ ಸರಕು ಟರ್ಮಿನಲ್ಲಿನಲ್ಲಿ ಕೆಲಸಕ್ಕೆ ಸೇರಿದ್ದ. ಸುತ್ತಲಿನ ತಾಲೂಕುಗಳ ಗೋವಿನಜೋಳವೆಲ್ಲ ಲಾರಿಗಳಲ್ಲಿ ಅಲ್ಲಿಗೆ ಬಂದು, ತೂಕವಾಗಿ, ಇಳಿದು, ರೈಲಿನ ವ್ಯಾಗನ್ನು ಹತ್ತಿ ಹೋಗುತ್ತದೆ. ಸುಗ್ಗಿಯಲ್ಲಿ ಎಲ್ಲ ಲಾರಿಗಳಿಗೂ ಒಂದೇ ಹೊತ್ತಿಗೆ ಅವಸರ. ಹಿಂದೆ ಅಲ್ಲಿ ಪಾಳಿ ಎಂದರೆ ಗಂಟಲು ದೊಡ್ಡದಿದ್ದವನ ಪಾಳಿ. ಒಬ್ಬ ರಾತ್ರಿಯೇ ಬಂದು ಗೇಟಿಗೆ ಅಡ್ಡ ಮಲಗಿದರೆ, ಇನ್ನೊಬ್ಬ ಬೆಳಿಗ್ಗೆ ಯಾರೋ ದೊಡ್ಡವರಿಂದ ಫೋನ್ ಮಾಡಿಸಿ ಅವನನ್ನು ದಾಟಿ ಹೋಗುತ್ತಿದ್ದ. ಬೈಗುಳಗಳಂತೂ ಹಾನಗಲ್ಲಿನವು ಒಂದು ತರಹ, ಸವಣೂರಿನವು ಒಂದು ತರಹ.

ಇದನ್ನೆಲ್ಲ ನಿಲ್ಲಿಸಿದ್ದು ಸುದೀಪ ತಂದ ಪ್ರೋಗ್ರಾಮು. ಹಿಂದಿನ ದಿನ ಸಂಜೆಯೇ ಡ್ರೈವರುಗಳು ಮೊಬೈಲಿನಲ್ಲಿ ತಿಳಿಸಬೇಕು: ಎಷ್ಟು ಮಾಲು, ಚೀಲದ್ದೋ ಸಡಿಲದ್ದೋ, ಎಷ್ಟು ಹೊತ್ತಿಗೆ ಬರುತ್ತೀರಿ. ಕಂಪ್ಯೂಟರು ಯಾರನ್ನು ಮೊದಲು ಕರೆದರೆ ಯಾರು ಎಷ್ಟು ಕಾಯಬೇಕಾಗುತ್ತದೆ ಎಂದು ಸಾವಿರಾರು ತರಹ ಹೊಂದಿಸಿ ನೋಡುತ್ತದೆ. ಎಲ್ಲರ ಕಾಯುವ ಹೊತ್ತನ್ನು ಕೂಡಿಸಿದಾಗ ಯಾವ ಹೊಂದಿಕೆಯಲ್ಲಿ ಮೊತ್ತ ಎಲ್ಲಕ್ಕಿಂತ ಕಡಿಮೆಯೋ ಅದೇ ಆ ದಿನದ ಪಾಳಿ. ಗೇಟಿನ ಮೇಲಿನ ದೊಡ್ಡ ಪರದೆಯಲ್ಲಿ ಲಾರಿಯ ನಂಬರು, ಮಾಲಕರ ಹೆಸರು ಮೂಡುತ್ತದೆ. ಬೇಗ ಕೆಡುವ ಮಾಲು, ಹಸಿಮೆಣಸಿನಕಾಯಿಯೋ ಟೊಮೆಟೊವೋ ಬಂದರೆ, ಅದು ಕಾಯುವ ಒಂದು ತಾಸನ್ನು ನಾಲ್ಕು ತಾಸೆಂದು ಎಣಿಸುವಂತೆ ಒಂದು ಸಾಲು ಬರೆಯುವ ಅನುಕೂಲವೂ ಅದರಲ್ಲಿತ್ತು.

ಮೊದಲ ದಿನ ಡ್ರೈವರುಗಳನ್ನೆಲ್ಲ ಕೂಡಿಸಿ ಸುದೀಪ ಒಂದು ಭಾಷಣವನ್ನೇ ಮಾಡಿದ್ದ. "ನೋಡ್ರಿ, ಇದಕ್ಕ ಜಾತಿ ಇಲ್ಲ, ಪಕ್ಷ ಇಲ್ಲ. ಅಪ್ಪ ಅವ್ವ ಇಲ್ಲ, ಬೀಗರು ಬಿಜ್ಜರಂತೂ ಮೊದಲ ಇಲ್ಲ. ಯಾರ ಫೋನೂ ಇದಕ್ಕ ಕೇಳಂಗಿಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅದಾಗಿ ಒಂದು ವಾರಕ್ಕೆ ಅವ್ವನ ಫೋನು ಬಂತು.

"ಸುದೀಪಾ, ನಾಳೆ ಬೀಗರ ಗಾಡಿ ನಿಮ್ಮಲ್ಲಿಗೆ ಬರತೈತಂತ. ಬೀಗರು ತಾವ ಕುಂತು ಬರ್ತಾರಂತ, ಶೀಲಾ ಹೇಳಿದ್ಲು. ಒಮ್ಮೆ ನಿಂದ್ರಿಸಿ ಮಾನಾ ಕಳಕೊಂಡೇವಿ. ಇನ್ನೊಮ್ಮೆ ನಿಂದ್ರಿಸಬ್ಯಾಡಪಾ."

"ಅವ್ವಾ, ಅದು ನನ್ನ ಕೈಯಾಗಿಲ್ಲ. ಯಂತ್ರ ಹೇಳಿದಂಗ ಆಗತೈತಿ."

"ಯಂತ್ರಕ್ಕ ಹೇಳಾಂವ ನೀನ ಅಲ್ಲೇನು?"

ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕುರ್ಚಿಯ ಹಿಂದೆ ನಿಂತ ರುಮಾಲು ಸುದೀಪನ ಕಣ್ಣ ಮುಂದೆ ಬಂತು. ತಂಗಿ ಆ ಮನೆಯಲ್ಲಿ ಬಾಳಬೇಕು. ಇವರ ಮನೆಯವರಿಗೆ ಬೀಗರೆಂದರೆ ಬೆಲೆಯಿಲ್ಲ ಎಂದು ಅತ್ತೆ ಒಂದು ದಿನ ಅಂದರೂ ಸಾಕು, ಅವಳು ಜೀವಮಾನವೆಲ್ಲ ನೆನೆಸುತ್ತಾಳೆ. ಕೆಡುವ ಮಾಲಿಗಾಗಿ ಇದ್ದ ಜಾಗದಲ್ಲಿ ಸುದೀಪ ಹಿರೇಕೆರೂರಿನ ಲಾರಿಯ ನಂಬರು ಹಾಕಿ ಒಂದು ಸಾಲು ಬರೆದ. ಉಳಿದವರು ಒಂದು ತಾಸು ಕಾದರೆ ಅದು ಒಂದೇ ತಾಸು. ಆ ಲಾರಿ ಒಂದು ತಾಸು ಕಾದರೆ ಕಂಪ್ಯೂಟರಿನ ಲೆಕ್ಕಕ್ಕೆ ಇಪ್ಪತ್ತು ತಾಸು. ಅಷ್ಟಾದ ಮೇಲೆ ಅದನ್ನು ಕಾಯಿಸಲು ಯಾವ ಯಂತ್ರಕ್ಕೆ ಧೈರ್ಯ ಬಂದೀತು? ಒಂದೇ ದಿನದ ಮಟ್ಟಿಗೆ, ನಾಳೆ ತೆಗೆದರಾಯಿತು ಎಂದುಕೊಂಡ.

ಮರುದಿನ ಮಹಾಲಿಂಗಪ್ಪನವರ ಲಾರಿ ಗೇಟಿಗೆ ಬಂದದ್ದೇ ತಡ, ಪರದೆಯ ಮೇಲೆ ಮೊದಲ ಹೆಸರು ಅವರದೇ. ಮಾಲು ಇಳಿಸಿ, ಕೈ ಒರೆಸಿಕೊಳ್ಳುತ್ತ ಅವರು ಸುದೀಪನ ಕ್ಯಾಬಿನ್ನಿಗೆ ಬಂದರು. "ಏನ ತಮ್ಮಾ, ಇಷ್ಟ ಲಗೂನ ಆತಲ್ಲ! ಹಿಂದಕ ಇಲ್ಲಿ ಬಂದ್ರ ಇಡೀ ದಿನಾ ಹೋಗತಿತ್ತು. ನಿನ್ನ ಯಂತ್ರ ಭಾಳ ಶಾಣ್ಯಾ ಐತಿ ನೋಡು." ಅವರ ಮುಖದಲ್ಲಿ ಕಪಟವಿರಲಿಲ್ಲ. ಅಂದು ಸಂಜೆ ಶೀಲಾಳ ಫೋನು: "ಅಣ್ಣಾ, ಮಾವಾರು ಮನೀಗೆ ಬಂದು ನಿನ್ನ ಹೊಗಳಿದ್ದ ಹೊಗಳಿದ್ದು. ಅತ್ತಿಯವರೂ ಖುಷಿ ಆದ್ರು." ಅವಳ ದನಿ ಅಷ್ಟು ಹಗುರಾಗಿದ್ದುದನ್ನು ಸುದೀಪ ಅವಳ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಆ ಸಾಲನ್ನು ಅಳಿಸಲು ಮನಸ್ಸು ಬರಲಿಲ್ಲ.

ಆಮೇಲೆ ಮಹಾಲಿಂಗಪ್ಪನವರು ವಾರಕ್ಕೆ ಎರಡು ಮೂರು ಸಲ ಬರತೊಡಗಿದರು, ಬಂದಾಗಲೆಲ್ಲ ಮೊದಲ ಪಾಳಿ. ಅವರಿಗೆ ಅದರ ಕಾರಣವೂ ಹೊಳೆದುಬಿಟ್ಟಿತ್ತು. ಮೊದಲಿನಿಂದಲೂ ಶಿಸ್ತಿನ ಮನುಷ್ಯ. ಚೀಲ ಬಿಗಿಯಾಗಿ ಹೊಲಿಸಿ, ಹೇಳಿದ ಹೊತ್ತಿಗೆ ಗೇಟಿನಲ್ಲಿರುವವರು. ಚಹಾದಂಗಡಿಯಲ್ಲಿ ಡ್ರೈವರುಗಳಿಗೆ ಬುದ್ಧಿ ಹೇಳಲು ಶುರುಮಾಡಿದರು. "ಹೊತ್ತಿಗೆ ಸರಿಯಾಗಿ ಬರ್ರಿ, ಚೀಲಾ ಚಂದಾಗಿ ಹೊಲಸ್ರಿ. ಯಂತ್ರ ತಾನ ಕರೀತೈತಿ. ಅದಕ್ಕ ಬೀಗರು ಗೀಗರು ಇಲ್ಲ, ಅದಕ್ಕ ಶಿಸ್ತು ಬೇಕು." ಸುದೀಪ ಕ್ಯಾಬಿನ್ನಿನ ಕಿಟಕಿಯಿಂದ ಈ ಮಾತು ಕೇಳಿ ಕಿಟಕಿ ಮುಚ್ಚುತ್ತಿದ್ದ.

ಒಬ್ಬರನ್ನು ಮುಂದೆ ತಳ್ಳಿದರೆ ಇನ್ನೊಬ್ಬರು ಹಿಂದೆ ಬೀಳಲೇಬೇಕು. ಬಿದ್ದವನು ತಿಳವಳ್ಳಿಯ ಗೋಣೆಪ್ಪ. ಹಳೆಯ ಲಾರಿಯೊಂದರ ಮಾಲಕನೂ ಅವನೇ, ಡ್ರೈವರನೂ ಅವನೇ. ಅವನದೂ ಚೀಲದ ಮಾಲು, ಅವನೂ ಬೆಳಿಗ್ಗೆಯೇ ಬರುವವನು, ಚೀಲ ಇಳಿಸುವ ಹಮಾಲರ ಕಟ್ಟೆ ಇದ್ದುದು ಒಂದೇ. ಮಹಾಲಿಂಗಪ್ಪನವರು ಬಂದ ದಿನ ಅವನ ಲಾರಿ ಮಧ್ಯಾಹ್ನದವರೆಗೆ ನಿಲ್ಲುತ್ತಿತ್ತು, ಎರಡನೆಯ ಟ್ರಿಪ್ಪು ತಪ್ಪುತ್ತಿತ್ತು. ಗೋಣೆಪ್ಪ ದೇವರಂಥವನೇನಲ್ಲ. ಬಾಯಿ ಬಡಾಯಿ, ಒಂದಕ್ಕೆ ಹತ್ತು ಹಚ್ಚಿ ಹೇಳುವ ಚಾಳಿ. ಹೋದ ವರ್ಷ ಕಾಟಾದವನು ತೂಕದಲ್ಲಿ ಮೋಸ ಮಾಡಿದನೆಂದು ರಂಪ ಮಾಡಿ, ಕಡೆಗೆ ಅವನ ಚೀಲವೇ ತೂತಾಗಿತ್ತೆಂದು ಗೊತ್ತಾಗಿ ಎಲ್ಲರೂ ನಕ್ಕಿದ್ದರು. ಹೀಗಾಗಿ ಅವನು "ಹಿರೇಕೆರೂರ ಗಾಡಿಗೆ ಏನೋ ಮಸಲತ್ತು ಐತಿ" ಎಂದು ಕೂಗಾಡಿದಾಗ ಯಾರೂ ಕಿವಿಗೊಡಲಿಲ್ಲ.

ಕಿವಿಗೊಟ್ಟವರು ಮಹಾಲಿಂಗಪ್ಪನವರು ಒಬ್ಬರೇ.

ಅಂದು ಬೆಳಿಗ್ಗೆ ಇಬ್ಬರ ಲಾರಿಗಳೂ ಗೇಟಿನಲ್ಲಿದ್ದವು. ಪರದೆಯ ಮೇಲೆ ಮೊದಲು ಮಹಾಲಿಂಗಪ್ಪನವರ ಹೆಸರು, ಕೆಳಗೆಲ್ಲೋ ಗೋಣೆಪ್ಪನದು. ಸುದೀಪನ ತಂಗಿಯನ್ನು ಆ ಮನೆಗೆ ಕೊಟ್ಟದ್ದು ಗೇಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೋಣೆಪ್ಪ ಲಾರಿಯಿಂದ ಜಿಗಿದು, "ಬೀಗರು ಬಂದ್ರಪೋ, ಹಾಸಿಗಿ ಹಾಸ್ರಿ!" ಎಂದು ಕೂಗಿದ. ನಾಲ್ಕು ಜನ ನಕ್ಕರು. ಮಹಾಲಿಂಗಪ್ಪನವರ ಮುಖ ಕೆಂಪಾಯಿತು. ಎಲ್ಲರನ್ನೂ ಕರೆದುಕೊಂಡು ನೇರ ಕ್ಯಾಬಿನ್ನಿನ ಬಾಗಿಲಿಗೆ ಬಂದರು.

"ತಮ್ಮಾ, ಎಲ್ಲಾರ ಮುಂದ ಒಂದು ಪರೀಕ್ಷೆ ಆಗಲಿ. ನನ್ನ ಗಾಡಿ ನಂಬರ ಇದ್ದಲ್ಲಿ ಈ ಗೋಣೆಪ್ಪಂದು ಹಾಕು, ಇವಂದು ಇದ್ದಲ್ಲಿ ನಂದು ಹಾಕು. ಉಳದದ್ದು ಏನೂ ಮುಟ್ಟಬ್ಯಾಡ. ಯಂತ್ರ ಗಾಡಿ ನೋಡಂಗಿಲ್ಲ, ಕೆಲಸ ನೋಡತೈತಿ ಅಂದ್ರ, ಈಗ ಗೋಣೆಪ್ಪ ಮೊದಲ ಬರಬೇಕು. ಬರಲಿಲ್ಲಂದ್ರ ನಾ ಈ ಗೇಟಿನಾಗ ಮತ್ತ ಕಾಲ ಇಡಂಗಿಲ್ಲ."

ಇಂಥ ಸರಳವಾದ, ಇಂಥ ಸರಿಯಾದ ಪರೀಕ್ಷೆ ಸುದೀಪನಿಗೇ ಹೊಳೆದಿರಲಿಲ್ಲ. ಅದರ ಫಲ ಏನೆಂದು ಅವನೊಬ್ಬನಿಗೆ ಗೊತ್ತಿತ್ತು. ಹೆಸರು ಅದಲುಬದಲು ಮಾಡಿದರೂ ಆ ಸಾಲು ಹಿರೇಕೆರೂರಿನ ನಂಬರಿಗೇ ಅಂಟಿಕೊಂಡಿದೆ. ಒತ್ತಿದ ಕೂಡಲೇ ಮಹಾಲಿಂಗಪ್ಪನವರೇ ಮತ್ತೆ ಮೊದಲು ಬರುತ್ತಾರೆ, ಎಲ್ಲರ ಕಣ್ಣೆದುರು. ಈಗ ಹೇಳಿಬಿಡಬೇಕು ಎಂದುಕೊಂಡ. ಬಾಗಿಲಲ್ಲಿ ಬೀಗರು ಎದೆಯುಬ್ಬಿಸಿ ನಿಂತಿದ್ದರು, ಅವನ ಮೇಲಿನ ಭರವಸೆಯಿಂದಲೇ.

ಅವನು ನಂಬರುಗಳನ್ನು ಬದಲಿಸಿದ. ಆಮೇಲೆ, ಕಂಪ್ಯೂಟರಿನಲ್ಲಿ ಯಾರಿಗೂ ಕಾಣದ ಇನ್ನೊಂದು ಕಿಟಕಿ ತೆರೆದು, ಆ ಸಾಲಿನಲ್ಲಿ ಹಿರೇಕೆರೂರಿನ ನಂಬರು ತೆಗೆದು ಗೋಣೆಪ್ಪನ ನಂಬರು ಹಾಕಿದ.

ಪಕ್ಕದ ಮೇಜಿನಲ್ಲಿ ಗೇಟಿನ ಲೆಕ್ಕ ನೋಡುವ ಸವಣೂರಿನ ತಹಮೀನಾ ಕುಳಿತಿದ್ದಳು. "ಅದೇನ ಬದಲಿ ಮಾಡಿದ್ರಿ ಸರ್?" ಎಂದು ಮೆಲ್ಲಗೆ ಕೇಳಿದಳು.

"ಏನಿಲ್ಲ. ರಿಫ್ರೆಶ್ ಮಾಡಿದ್ನಿ," ಎಂದ ಸುದೀಪ, ಅವಳ ಮುಖ ನೋಡದೆ.

ಒತ್ತಿದ. ಪರದೆಯ ಮೇಲೆ ಮೊದಲ ಹೆಸರು ಗೋಣೆಪ್ಪ ಎಂದು ಬಂತು. ಹೊರಗೆ ಹೋ ಎಂದು ಗದ್ದಲವೆದ್ದಿತು. ಮಹಾಲಿಂಗಪ್ಪನವರು ಮೀಸೆಯಲ್ಲೇ ನಕ್ಕರು. ಪಾಪ, ಗೋಣೆಪ್ಪ ಪರದೆಯನ್ನೇ ನೋಡುತ್ತ ನಿಂತ. ತನ್ನ ಹೊಟ್ಟೆಯೊಳಗಿನ ಮಾತು ಸುಳ್ಳಾದದ್ದು ಅವನಿಗೇ ನಂಬಿಕೆಯಾಗಲಿಲ್ಲ. ಡ್ರೈವರುಗಳು ಬಿಡಲಿಲ್ಲ: "ಹಿರ್ಯಾರಿಗೆ ಕೈ ಮುಗೀಲೇ! ಹುಡುಗನ ಹೊಟ್ಟಿ ಮ್ಯಾಲೆ ಹೊಡಿಯಾಕ ನಿಂತಿದ್ದೆಲ್ಲ!" ಬಡವನ ಕೋಪ ದವಡೆಗೆ ಮೂಲ. ಗೋಣೆಪ್ಪ ತಲೆಯ ಟವೆಲ್ಲು ತೆಗೆದು ಮಹಾಲಿಂಗಪ್ಪನವರಿಗೆ ಕೈ ಮುಗಿದ. ಆಮೇಲೆ ಕ್ಯಾಬಿನ್ನಿನ ಬಾಗಿಲಿಗೆ ಬಂದು ಸುದೀಪನಿಗೂ ಮುಗಿದ. "ತಪ್ಪಾತ್ರಿ ಸಾಹೇಬ್ರ. ನನ್ನ ಬಾಯಿ ಸುಮ್ಮಿರಂಗಿಲ್ಲ."

ಸುದೀಪನಿಗೆ ನಾಚಿಕೆಯಾಯಿತು. ಸಣ್ಣ ನಾಚಿಕೆಯಲ್ಲ, ಮೈಮೇಲೆ ಬಟ್ಟೆಯೇ ಇಲ್ಲದಂಥ ನಾಚಿಕೆ. ಮೊದಲು ಮಾಡಿದ್ದು ಬೀಗರ ಮರ್ಯಾದೆಗೆಂದು ಹೇಳಿಕೊಳ್ಳಬಹುದಿತ್ತು. ಈಗ ಮಾಡಿದ್ದಕ್ಕೆ ಹೆಸರು ಬೇರೆ. ಕೈ ಮುಗಿದ ಆ ಮನುಷ್ಯನ ಅಂಗೈಯಲ್ಲಿ ಸ್ಟೇರಿಂಗು ಹಿಡಿದು ಗಟ್ಟಿಯಾದ ಗೆರೆಗಳಿದ್ದವು. ಸುದೀಪ ಕುಳಿತಲ್ಲಿಂದಲೇ, "ಇರ್ಲಿ ಬಿಡ್ರಿ," ಎಂದುಬಿಟ್ಟ. ಆ ಔದಾರ್ಯದ ಮಾತು ತನ್ನ ಬಾಯಿಂದ ಹೇಗೆ ಬಂತೋ ಎಂದು ಆಮೇಲೆ ತಾನೇ ಅಸಹ್ಯಪಟ್ಟುಕೊಂಡ.

ಕಳ್ಳತನಕ್ಕೂ ಒಂದು ಅಚ್ಚುಕಟ್ಟುತನ ಬೇಕು. ಅದು ಸುದೀಪನಿಗೆ ಇರಲಿಲ್ಲ. ಅಂದಿನ ಲಾರಿಗಳು ಮುಗಿದ ಮೇಲೆ ಆ ಸಾಲನ್ನು ಮೊದಲಿನಂತೆ ಮಾಡಬೇಕಿತ್ತು, ಇಲ್ಲವೇ ಅಳಿಸಿಹಾಕಬೇಕಿತ್ತು. ಎರಡನ್ನೂ ಮಾಡಲಿಲ್ಲ. ಆ ಕಡತ ತೆರೆದರೆ ಗೋಣೆಪ್ಪನ ನಂಬರು ಕಾಣುತ್ತದೆಂಬ ಅಂಜಿಕೆಗೆ ಅದನ್ನು ತೆರೆಯಲೇ ಇಲ್ಲ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ತಹಮೀನಾ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಅವಳಿಗೆ ಗೊತ್ತಾಗಿದೆ ಎಂದು ಒಂದು ಸಲ ಅನ್ನಿಸುತ್ತಿತ್ತು, ಇಲ್ಲ ಎಂದು ಇನ್ನೊಂದು ಸಲ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವನದು.

ಮೂರನೆಯ ದಿನ ಮಹಾಲಿಂಗಪ್ಪನವರ ಲಾರಿಯೂ ಗೋಣೆಪ್ಪನ ಲಾರಿಯೂ ಮತ್ತೆ ಒಟ್ಟಿಗೇ ಬಂದವು. ಪರದೆಯ ಮೇಲೆ ಮೊದಲ ಹೆಸರು ಗೋಣೆಪ್ಪ. ಮಹಾಲಿಂಗಪ್ಪನವರದು ಐದನೆಯದು.

ಗೋಣೆಪ್ಪನಿಗೆ ಮೊದಲು ಬೆರಗು, ಆಮೇಲೆ ಹಿಗ್ಗು. "ನೋಡ್ರ್ಯೋ! ಕೈ ಮುಗದಿದ್ದಕ್ಕ ಯಂತ್ರಕ್ಕ ಕರುಣಾ ಬಂತು!" ಎಂದು ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಹಾಲಿಂಗಪ್ಪನವರು ನಗಲಿಲ್ಲ. ಜೀವನವೆಲ್ಲ ಕಾಳಿನ ವ್ಯಾಪಾರ ಮಾಡಿದ ಮನುಷ್ಯ. ತಕ್ಕಡಿ ಒಂದು ದಿನ ಆ ಕಡೆಗೆ, ಒಂದು ದಿನ ಈ ಕಡೆಗೆ ವಾಲಿದರೆ ಕಾಳನ್ನು ನೋಡುವುದಿಲ್ಲ, ಹಿಡಿದವನ ಕೈ ನೋಡುತ್ತಾರೆ. ಲಾರಿಯಿಂದ ಇಳಿದು ಕ್ಯಾಬಿನ್ನಿಗೆ ಬಂದರು. ತಹಮೀನಾ ಎದ್ದು ಹೊರಗೆ ಹೋದಳು. ಅವರು ಬಾಗಿಲು ಮುಂದೆ ಮಾಡಿ, ಕುಳಿತುಕೊಳ್ಳದೆ ನಿಂತರು.

"ಇವತ್ತ ಹೆಸರು ಅದಲಿಬದಲಿ ಮಾಡಿಲ್ಲ. ಅಂವಾ ಅದ ಮಾಲು ತಂದಾನ, ನಾನೂ ಅದ ಮಾಲು ತಂದೇನಿ. ಹೆಂಗ ಬದಲಾತು ತಮ್ಮಾ?"

ಸುದೀಪ ಸುಳ್ಳು ಹುಡುಕಿದ, ಸಿಗಲಿಲ್ಲ. ಎಲ್ಲವನ್ನೂ ಹೇಳಿದ. ಮದುವೆಯ ಪಂಕ್ತಿ, ಅವ್ವನ ಫೋನು, ಒಂದು ತಾಸಿಗೆ ಇಪ್ಪತ್ತು ತಾಸು, ಪರೀಕ್ಷೆಯ ದಿನ ಮಾಡಿದ ಕೈಚಳಕ. ಹೇಳುವಾಗ ಮೇಜಿನ ಮೇಲಿನ ಪೆನ್ನನ್ನೇ ನೋಡುತ್ತಿದ್ದ. ಮುಗಿದ ಮೇಲೂ ತಲೆ ಎತ್ತಲಿಲ್ಲ.

ಮಹಾಲಿಂಗಪ್ಪನವರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬೋಳುತಲೆಯ ಆ ಮನುಷ್ಯ ಅಷ್ಟು ಮುದುಕನೆಂದು ಸುದೀಪ ಅಂದುಕೊಂಡಿರಲಿಲ್ಲ.

"ಮದುವ್ಯಾಗ ನಿಂತದ್ದು ನಾ ಅವತ್ತ ಮರತೇನಿ," ಎಂದರು ಕಡೆಗೆ. "ಮಂದಿ ಹೆಚ್ಚಾದ್ರ ನಿಂದ್ರಬೇಕಾಗತೈತಿ, ಅದರಾಗೇನು? ಆದ್ರ ಇದು… ಹಿರೇಕೆರೂರ ಪ್ಯಾಟ್ಯಾಗೆಲ್ಲಾ ನಾ ಶಿಸ್ತು ಶಿಸ್ತು ಅಂತ ಹೇಳಕೋತ ತಿರಗೇನಿ. ಆ ಗೋಣೆಪ್ಪ ಖರೇನ ಹೇಳಾಕತ್ತಿದ್ದ. ನನ್ನ ಬಾಯಿಲೆ ಅವನ್ನ ಸುಳ್ಳಾ ಅನಿಸಿದೆಲ್ಲೋ."

"ತಪ್ಪಾತ್ರಿ ಮಾವಾರ."

"ನನಗ ಹೇಳಿದ್ರ ಏನ ಬಂತು? ಹೊರಗ ಅದಾನಲ್ಲ, ಅವಗ ಹೇಳು."

ಸುದೀಪ ಎದ್ದ. ಬಾಗಿಲವರೆಗೆ ಹೋದ. ಗಾಜಿನಾಚೆ ಡ್ರೈವರುಗಳು, ಹಮಾಲರು, ಟೀ ಹಿಡಿದ ಗೋಣೆಪ್ಪ. ಹೇಳಿದರೆ ಕೆಲಸ ಹೋಗುತ್ತದೆ. ಸುದ್ದಿ ಯಲವಿಗಿಯಿಂದ ತಡಸಕ್ಕೆ, ತಡಸದಿಂದ ಹಿರೇಕೆರೂರಿಗೆ ಹೋಗುತ್ತದೆ. ಶೀಲಾಳನ್ನು ನೀರಿಗೆ ಹೋದಲ್ಲಿ ಕೇಳುತ್ತಾರೆ: ನಿಮ್ಮ ಅಣ್ಣ ಮೋಸ ಮಾಡಿದನಂತೆ ಹೌದೇ? ಚಿಲಕದ ಮೇಲಿಟ್ಟ ಕೈ ಅಲ್ಲೇ ನಿಂತಿತು. ಮಹಾಲಿಂಗಪ್ಪನವರು ಆ ಕೈಯನ್ನು ನೋಡಿದರು.

"ಶೀಲಾಗ ಗೊತ್ತೈತೇನು?"

"ಇಲ್ರಿ."

"ಗೊತ್ತಾಗೂದು ಬ್ಯಾಡ," ಎಂದು ರುಮಾಲು ಸುತ್ತಿಕೊಂಡು, ಅವನ ಕೈ ಸರಿಸಿ, ತಾವೇ ಬಾಗಿಲು ತೆರೆದುಕೊಂಡು ಹೊರಗೆ ಹೋದರು.

ಸುದೀಪ ಹಿಂದೆಯೇ ಹೋಗಿ ಮೆಟ್ಟಿಲ ಮೇಲೆ ನಿಂತ. ಮಹಾಲಿಂಗಪ್ಪನವರು ಗೋಣೆಪ್ಪನ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು: "ಗೋಣೆಪ್ಪಾ, ನೀ ಹೇಳಿದ್ದ ಖರೆ. ಯಂತ್ರದಾಗ ನನ್ನ ಗಾಡಿ ಮುಂದ ಮಾಡಿಸಿದ್ದೆ. ಆ ಹುಡುಗಂದೇನೂ ತಪ್ಪಿಲ್ಲ. ಬೀಗ ಅನ್ನೂ ದರ್ಪದಾಗ ನಾನ ಒತ್ತಾಯ ಮಾಡಿ ಹಾಕಿಸಿದ್ದೆ. ಪರೀಕ್ಷೆನೂ ನಂದ ನಾಟಕ. ನನಗ ಏನ ಅಂತೀರಿ ಅನ್ರಿ."

ಸುದೀಪ ಬಾಯಿ ತೆರೆದ. ಇಲ್ಲ, ಅವರಲ್ಲ, ನಾನು. ಮಾತು ಇದ್ದದ್ದು ಅಷ್ಟೇ. ಅಷ್ಟರಲ್ಲಿ ಗದ್ದಲ ಶುರುವಾಯಿತು. "ಶಿಸ್ತು ಕಲಿಸಾಕ ಬಂದಿದ್ರಪಾ ದೊಡ್ಡ ಮನುಷ್ಯಾರು!" "ಬೇಲಿನ ಎದ್ದು ಹೊಲಾ ಮೇಯ್ದಂಗಾತು!" ಮೊನ್ನೆ ಚಹಾ ಕೊಡಿಸಿಕೊಂಡು ಕುಡಿದವರೇ ಹೆಚ್ಚು ಅಂದರು. ಗೋಣೆಪ್ಪ ಮಾತ್ರ ಲೋಟದಲ್ಲಿ ಉಳಿದ ಚಹಾವನ್ನು ಅವರ ಕಾಲ ಹತ್ತಿರ ನೆಲಕ್ಕೆ ಚೆಲ್ಲಿ ತಿರುಗಿ ನಡೆದ. ಮಹಾಲಿಂಗಪ್ಪನವರ ಧೋತರದ ಅಂಚು ಒದ್ದೆಯಾಯಿತು. ಅವರು ಹಿಂದೆ ಸರಿಯಲಿಲ್ಲ. ಎಲ್ಲ ಮುಗಿದ ಮೇಲೆ ಲಾರಿ ಹತ್ತಿ, ಡ್ರೈವರನಿಗೆ ಹೇಳಿ, ಅದನ್ನು ಹಿಂದಕ್ಕೆ ತೆಗೆಸಿ ಎಲ್ಲರ ಕೊನೆಗೆ ನಿಲ್ಲಿಸಿದರು.

ಸುದೀಪ ಒಳಗೆ ಬಂದು ಆ ಸಾಲನ್ನು ಅಳಿಸಿದ. ಅಳಿಸಲು ಒಂದು ಬೆರಳು ಸಾಕಾಯಿತು. ಮಹಾಲಿಂಗಪ್ಪನವರ ಪಾಳಿ ಬಂದಾಗ ಪರದೆಯ ಮೇಲೆ ಅವರ ಹೆಸರು ಮೂಡಿತು. ಅವರು ಬರಲಿಲ್ಲ, ತಮ್ಮ ನಂತರದ ಪಾಳಿಯವರಿಗೆ ಮುಂದೆ ಹೋಗಲು ಕೈ ಮಾಡಿದರು. ಬಿಸಿಲು ಏರಿತು. ಲಾರಿಯ ಕ್ಯಾಬಿನ್ನಿನಲ್ಲಿ ಅವರ ರುಮಾಲು ಕಿಟಕಿಯಿಂದ ಕಾಣುತ್ತಿತ್ತು. ಯಾರೂ ಅವರ ಹತ್ತಿರ ಹೋಗಿ ಮಾತಾಡಿಸಲಿಲ್ಲ. ಈಗಲಾದರೂ ಹೋಗಿ ಹೇಳಿಬಿಡುತ್ತೇನೆ ಎಂದು ಸುದೀಪ ಎದ್ದ, ಕುಳಿತ. ಲಾರಿಯೊಂದು ಇಳಿದು ಹೊರಬಿದ್ದಾಗಲೆಲ್ಲ, ಮುಂದಿನದು ಇಳಿದ ಮೇಲೆ ಹೇಳುತ್ತೇನೆ ಎಂದುಕೊಂಡ.

ಗೋಣೆಪ್ಪ ತನ್ನ ಮಾಲು ಇಳಿಸಿ, ರಸೀದಿಗೆಂದು ಕ್ಯಾಬಿನ್ನಿಗೆ ಬಂದ. ತಹಮೀನಾ ರಸೀದಿ ತೆಗೆಯುತ್ತಿದ್ದಳು. ಅವನು ಸುದೀಪನ ಮುಖ ನೋಡಿ ದನಿ ತಗ್ಗಿಸಿದ.

"ನೀವ್ಯಾಕ್ರಿ ಸಾಹೇಬ್ರ ಮಾರಿ ಸಣ್ಣದ ಮಾಡಕೊಂಡ ಕುಂತೀರಿ? ನಿಮ್ಮ ಮ್ಯಾಲೆ ನಂದೇನೂ ಸಿಟ್ಟಿಲ್ಲ. ನಾನೂ ಮೂರು ಹೆಣ್ಣ ಕೊಟ್ಟೇನಿ. ಹೆಣ್ಣ ಕೊಟ್ಟವರ ಸಂಕಟ ನನಗ ಗೊತ್ತೈತ್ರಿ. ಬೀಗರು ಕುಂದ್ರು ಅಂದ್ರ ಕುಂದ್ರಬೇಕು, ಏಳು ಅಂದ್ರ ಏಳಬೇಕು. ನೀವರ ಏನ ಮಾಡತಿದ್ರಿ, ತಂಗಿ ಅಲ್ಲಿ ಅದಾಳ." ಸುದೀಪನ ಭುಜದ ಮೇಲೆ ಕೈಯಿಟ್ಟ. ನಿಜವಾದ ಕನಿಕರ ಅವನ ಕಣ್ಣಲ್ಲಿತ್ತು. "ಭಾಳ ಒತ್ತಾಯ ಮಾಡಿರಬೇಕಲ್ರಿ ಅವರು?"

ತಹಮೀನಾಳ ಕೈ ಕೀಲಿಮಣೆಯ ಮೇಲೆ ನಿಂತಿತು. ಅವಳು ತಲೆ ಎತ್ತಿ ಸುದೀಪನನ್ನೇ ನೋಡಿದಳು.

"ಹೂಂ," ಎಂದ ಸುದೀಪ. "ಭಾಳ ಮಾಡಿದ್ರು."